ಒಂದು ಜಗಳ ಹಿಡಿದು ಓದಿ: ಮಲೆನಾಡಿನಲ್ಲಿ ಕೂತು ರಾಜಕೀಯ ಸಮಾಜಶಾಸ್ತ್ರ

ಎಂ.ಎ. ಸಮಾಜಶಾಸ್ತ್ರಕ್ಕೆ ಸೇರಿದವರು ನನ್ನ ಹತ್ತಿರ ಮೊದಲು ಕೇಳುವುದು, ಯಾವ ಪುಸ್ತಕದಿಂದ ಶುರು ಮಾಡಲಿ ಅಂತ. ಪುಸ್ತಕದಿಂದ ಬೇಡ, ಒಂದು ಜಗಳದಿಂದ ಶುರು ಮಾಡಿ. ನಿಮ್ಮ ತಾಲೂಕಿನದೇ ಜಗಳ. ಯಾರ ಮಾತು ನಡೆಯುತ್ತದೆ, ಯಾಕೆ ನಡೆಯುತ್ತದೆ, ಉಳಿದವರು ಯಾಕೆ ಸುಮ್ಮನಿರುತ್ತಾರೆ? ರಾಜಕೀಯ ಸಮಾಜಶಾಸ್ತ್ರದ ಹೊಟ್ಟೆಯಲ್ಲಿ ಇರುವುದು ಈ ಪ್ರಶ್ನೆಗಳೇ. ಕೈಯಲ್ಲಿ ಜಗಳ ಇಲ್ಲದೆ ಸಿದ್ಧಾಂತ ಓದಿದರೆ ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ.

ನಾನು ಸಾಗರದ ಕಡೆಯವಳು, ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ನಾನು ಹಿಡಿದದ್ದು ಸಾಗರ ತಾಲೂಕಿನ ಕಾಗೋಡು ಅನ್ನುವ ಹಳ್ಳಿಯ ಜಗಳ. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರು ಜಾತಿಯವರು, ಜಮೀನಿನ ಒಡೆಯರ ಎದುರು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ದೊಡ್ಡ ಕಾರಣ. ಎಚ್. ಗಣಪತಿಯಪ್ಪ ರೈತರನ್ನು ಒಟ್ಟುಗೂಡಿಸಿದರು. ಸಮಾಜವಾದಿ ಪಕ್ಷ ಜೊತೆಗೆ ಬಂತು. ಅದರ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಶಾಸಕರಾದರು.

ಈಗ ಇದನ್ನು ಇಟ್ಟುಕೊಂಡು ಓದಿ. ಅಧಿಕಾರ ಅಂದರೆ ಏನು ಅಂತ ಅಮೆರಿಕದ ರಾಜಕೀಯಶಾಸ್ತ್ರಜ್ಞ ರಾಬರ್ಟ್ ಡಾಲ್ ಅವರನ್ನು ಕೇಳಿದರೆ, ತೀರ್ಮಾನ ಆಗುವಾಗ ಯಾರ ಮಾತು ಗೆದ್ದಿತು ನೋಡಿ ಅನ್ನುತ್ತಾರೆ. 1962ರಲ್ಲಿ ಬ್ಯಾಕ್ರಾಕ್ ಮತ್ತು ಬರಾಟ್ಜ್ ಇನ್ನೊಂದು ಮಾತು ಸೇರಿಸಿದರು: ಯಾವ ವಿಷಯ ಚರ್ಚೆಗೇ ಬರದ ಹಾಗೆ ತಡೆದರು ಅನ್ನುವುದನ್ನೂ ನೋಡಿ. 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಇನ್ನೂ ಆಳಕ್ಕೆ ಹೋದರು. ತನಗೆ ಅನ್ಯಾಯ ಆಗುತ್ತಿದೆ ಅಂತ ಜನರಿಗೇ ಅನ್ನಿಸದಂತೆ ಮಾಡುವುದು ಎಲ್ಲಕ್ಕಿಂತ ಗಟ್ಟಿಯಾದ ಅಧಿಕಾರ ಅಂದರು. ಈ ಮೂರು ಮಾತುಗಳ ಮುಂದೆ ಆ ಕೊಳಗ ಇಡಿ. ಗೇಣಿ ಅಳೆಯುವುದು ಹೊಸದಾಗಿ ಬಂದದ್ದಲ್ಲ. ಹಾಗಾದರೆ ಜಗಳ ಆಗಲೇ ಯಾಕೆ ಎದ್ದಿತು? ಮೊದಲಿನವರು ಒಪ್ಪಿಕೊಂಡಿದ್ದರಾ, ಹೆದರಿದ್ದರಾ, ಅಥವಾ ನಮಗೆ ಕೇಳಿಸದ ಹಾಗೆ ಗೊಣಗುತ್ತಿದ್ದರಾ? ಇಲ್ಲಿ ಒಂದು ವಾರ ಕೂತರೂ ತಪ್ಪಿಲ್ಲ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವರ್ಗ, ಅಂತಸ್ತು, ಪಕ್ಷ ಅಂತ ಮೂರು ಬೇರೆ ಬೇರೆ ಎಳೆ ತೋರಿಸುತ್ತಾನೆ. ಗೇಣಿದಾರ ಅನ್ನುವುದು ವರ್ಗ, ದೀವರು ಅನ್ನುವುದು ಅಂತಸ್ತು, ಸಮಾಜವಾದಿಗಳು ಪಕ್ಷ. ಮೂರೂ ಒಂದೇ ಕಣದಲ್ಲಿ ಸಿಗುತ್ತವೆ. ಎಂ.ಎನ್. ಶ್ರೀನಿವಾಸ್ ಅವರ ಪ್ರಬಲ ಜಾತಿಯ ಮಾತನ್ನೂ ಇಲ್ಲೇ ಪರೀಕ್ಷಿಸಿ. ಜನಸಂಖ್ಯೆ, ಭೂಮಿ, ಸ್ಥಾನಮಾನ ಒಟ್ಟಿಗೆ ಇರಬೇಕು ಅಂತ ಅವರ ಲೆಕ್ಕ. 1951ರಲ್ಲಿ ದೀವರ ಹತ್ತಿರ ಜನ ಇದ್ದರು, ಭೂಮಿ ಇರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆಯಿತು. 1990ರಲ್ಲಿ ದೀವರೇ ಆದ ಸೊರಬದ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು. ಈ ಮೂರಕ್ಕೂ ನೇರ ನಂಟು ಇದೆಯಾ? ಇದೆ ಅಂತ ಹೇಳುವುದು ಸುಲಭ, ತೋರಿಸುವುದು ಕಷ್ಟ. ಆ ಕಷ್ಟವೇ ನಿಮ್ಮ ಡಿಸರ್ಟೇಷನ್.

ತೋರಿಸಬೇಕಾದರೆ ಕಾಗದ ಬೇಕು. ನಮ್ಮ ಕಡೆ ಹಿರಿಯರು 'ಡಿಕ್ಲರೇಷನ್ ಹಾಕಿದ್ವಿ' ಅನ್ನುತ್ತಾರಲ್ವಾ, ಅದು ಗೇಣಿ ಭೂಮಿ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಫಾರಂ 7. ಅದರ ಕಡತಗಳನ್ನು ತಾಲೂಕು ಕಚೇರಿಯಲ್ಲಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಬೇಕಾಗಬಹುದು, ವಿಭಾಗದ ಪತ್ರ ಇಟ್ಟುಕೊಂಡು ಹೋಗಿ. ಚುನಾವಣೆಯ ಮತಗಟ್ಟೆವಾರು ಲೆಕ್ಕ ಫಾರಂ 20ರಲ್ಲಿ ಸಿಗುತ್ತದೆ. ಒಂದು ಎಚ್ಚರ: 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು, ಹೊಸನಗರ ಕ್ಷೇತ್ರವೇ ಹೋಯಿತು. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಸುಮ್ನೆ ಹೋಲಿಸಬೇಡಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಊರಿಗೆ ಹೋಗುವ ಕಾಲ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್ ಮಳೆ, ಒಳಗಿನ ಹಳ್ಳಿಗೆ ಬಸ್ಸೂ ಕಷ್ಟ. ಆ ತಿಂಗಳುಗಳನ್ನು ಓದಿಗೆ ಇಡಿ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತಲ್ಲಿ ಹಗಲು ಯಾರೂ ಸಿಗುವುದಿಲ್ಲ. ಆದರೆ ರಾತ್ರಿ ಅಡಿಕೆ ಸುಲಿಯುವ ಕಡೆ ಕೂತರೆ ಯಾವ ಪ್ರಶ್ನಾವಳಿಗೂ ಸಿಗದ ಮಾತು ಕೇಳಿಸುತ್ತದೆ, ಹೆಂಗಸರ ಮಾತಂತೂ ಅಲ್ಲೇ ಜಾಸ್ತಿ. ಈಗ ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಅದು ಕಮ್ಮಿಯಾಗಿದೆ. ನೀವೂ ಕತ್ತಿ ಹಿಡಿದು ಕೂರಿ. ಆದರೆ ಯಾಕೆ ಬಂದಿದ್ದೀರಿ ಅಂತ ಮೊದಲೇ ಹೇಳಿ. ಅದು ಮುಚ್ಚಿಡುವ ವಿಷಯ ಅಲ್ಲ. ಯಾವ ಪಕ್ಷದ ಮುಖಂಡರ ಕಾರಿನಲ್ಲೂ ಊರಿಗೆ ಇಳಿಯಬೇಡಿ, ಆಮೇಲೆ ಎದುರು ಗುಂಪಿನ ಬಾಗಿಲು ತೆರೆಯುವುದಿಲ್ಲ. ಕೂಲಿಯವರ ಕೇರಿಗೂ ಹೋಗಿ. ಗೇಣಿ ಇಲ್ಲದವರಿಗೆ 1974ರಲ್ಲಿ ಏನು ಸಿಕ್ಕಿತು ಅಂತ ಅವರನ್ನೇ ಕೇಳಬೇಕು. ಅದೇ ರಾತ್ರಿ ಬರೆದಿಡಿ: ಒಂದು ಕಡೆ ಅವರು ಹೇಳಿದ್ದು, ಇನ್ನೊಂದು ಕಡೆ ನಿಮಗೆ ಅನ್ನಿಸಿದ್ದು. ಹೆಸರು ಬದಲಿಸಿ. ಸಣ್ಣ ಊರಲ್ಲಿ ಬರೀ ಹೆಸರು ಬದಲಿಸಿದರೆ ಸಾಲದು, ಮನೆ ಗುರುತೂ ಅಳಿಸಬೇಕು.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಲೇಖನಕ್ಕೆ ಹೆದರಬೇಡಿ. ಒಂದು ಲೇಖನವನ್ನು ಇಡೀ ವಾರ ಓದಿ, ಪುಸ್ತಕ ಮುಚ್ಚಿ, ಅದರ ವಾದವನ್ನು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಬರೆಯಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ. ನೆಟ್, ಕೆಸೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳು) ತಯಾರಿಯನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಹಳೆ ಪ್ರಶ್ನೆಪತ್ರಿಕೆ ಬಿಡಿಸಿದರೆ ದಾರಿ ಗೊತ್ತಾಗುತ್ತದೆ.

ಕಾಗೋಡಿನ ಮೇಲೆ ಆಗಲೇ ತುಂಬಾ ಬರೆದಿದ್ದಾರೆ ಅನ್ನಿಸಿದರೆ ಶರಾವತಿ ಹೊಳೆ ಕಡೆ ಹೋಗಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಗೇಣಿ ರದ್ದಾದದ್ದು 1974ರಲ್ಲಿ. ನಡುವೆ ಹತ್ತು ವರ್ಷ. ಮುಳುಗಿದ ಊರಿನ ಗೇಣಿದಾರರಿಗೆ ಡಿಕ್ಲರೇಷನ್ ಹಾಕಲು ನೆಲವೇ ಉಳಿದಿರಲಿಲ್ಲ. ಪರಿಹಾರ ಯಾರ ಹೆಸರಿಗೆ ಬಂತು, ಸ್ಥಳಾಂತರವಾದ ಮೇಲೆ ಅವರು ಯಾರ ಹಿಂದೆ ಹೋದರು? ಹಕ್ಕುಪತ್ರಕ್ಕಾಗಿ ಆ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಓಡಾಡುತ್ತಿದ್ದಾರೆ. ಅವರ ಅಜ್ಜ, ಅಜ್ಜಿಯರಲ್ಲಿ ನೆನಪು ಹೇಳಬಲ್ಲವರು ಈಗ ತೀರಾ ವಯಸ್ಸಾದವರು. ಈ ವಿಷಯ ಹಿಡಿಯುವ ಮನಸ್ಸಿದ್ದರೆ ಮಳೆ ನಿಂತ ಕೂಡಲೇ ಹೊರಡಿ.