ಆ ದೃಶ್ಯ ಯಾವ ಅಧ್ಯಾಯದಲ್ಲಿದೆ?

ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಮಗ್ದಲದ ಮರಿಯಳ ಕಥೆ ಹೇಳುತ್ತಿದ್ದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಅವಳನ್ನು ಕೊಲ್ಲಲು ಜನರು ಕೈಯಲ್ಲಿ ಕಲ್ಲು ಹಿಡಿದು ನಿಂತದ್ದು, ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆದದ್ದು, ಕಲ್ಲುಗಳು ಒಂದೊಂದಾಗಿ ಧೂಳಿಗೆ ಬಿದ್ದ ಸದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸಿದೆ. ಯೋಹಾನನ ಸುವಾರ್ತೆಯ 8ನೇ ಅಧ್ಯಾಯವನ್ನು ತೆರೆದಿಟ್ಟುಕೊಂಡಿದ್ದ ಹುಡುಗಿಯೊಬ್ಬಳು, "ಟೀಚರ್, ಇಲ್ಲಿ ಅವಳ ಹೆಸರೇ ಇಲ್ಲವಲ್ಲ?" ಎಂದಳು. "ಇರುತ್ತದೆ, ಸರಿಯಾಗಿ ನೋಡು" ಎನ್ನುತ್ತಾ ನಾನೂ ಬಗ್ಗಿ ನೋಡಿದೆ. ಇರಲಿಲ್ಲ. ಕಲ್ಲು ಬಿದ್ದ ಸದ್ದೂ ಇರಲಿಲ್ಲ. ಹಿರಿಯರು ಮೊದಲುಗೊಂಡು ಒಬ್ಬೊಬ್ಬರಾಗಿ ಹೊರಟುಹೋದರು ಎಂದಷ್ಟೇ ಇತ್ತು.

ಮನೆಗೆ ಬಂದು ನಾಲ್ಕೂ ಸುವಾರ್ತೆಗಳನ್ನು ಜಾಲಾಡಿದೆ. ಮರಿಯಳು ಏಳು ದೆವ್ವಗಳಿಂದ ಬಿಡುಗಡೆಯಾದವಳು ಎಂದು ಲೂಕನ 8ನೇ ಅಧ್ಯಾಯ ಹೇಳುತ್ತದೆ. ಆಮೇಲೆ ಶಿಲುಬೆಯ ಬಳಿ ಇದ್ದಾಳೆ, ಸಮಾಧಿಯ ಬಳಿ ಇದ್ದಾಳೆ. ನಡತೆಗೆಟ್ಟವಳು ಎಂಬ ಮಾತು ಎಲ್ಲಿಯೂ ಇಲ್ಲ. ಲೂಕನ 7ನೇ ಅಧ್ಯಾಯದ ಹೆಸರಿಲ್ಲದ ಪಾಪಿ ಸ್ತ್ರೀಯೂ ಇವಳೂ ಒಬ್ಬಳೇ ಎಂದು ಪೋಪ್ ಗ್ರೆಗೊರಿ 591ರಲ್ಲಿ ಪ್ರಸಂಗ ಮಾಡಿದ್ದರಂತೆ. ಹಾಗಾಗಿ ಪೂರ್ತಿ ತಪ್ಪನ್ನು ಸಿನಿಮಾದವರ ತಲೆಗೆ ಕಟ್ಟುವಂತಿಲ್ಲ. ಆದರೆ ನನ್ನ ತಲೆಯಲ್ಲಿದ್ದದ್ದು ಪೋಪರ ಪ್ರಸಂಗವಲ್ಲ. 2004ರಲ್ಲಿ ತೆರೆಗೆ ಬಂದು, ಪ್ರತಿ ಶುಭ ಶುಕ್ರವಾರ ನಾನು ತಪ್ಪದೆ ನೋಡುತ್ತಿದ್ದ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಸಿನಿಮಾ. ಕಲ್ಲೆಸೆಯಲು ತಂದ ಹೆಂಗಸನ್ನು ಮರಿಯಳೆಂದು ತೋರಿಸಿದ್ದು ಅದೇ. ಅಷ್ಟು ವರ್ಷ ಪಾಠ ಮಾಡಿದವಳು ನಾನು ನೋಡಿದ್ದನ್ನು ಓದಿದ್ದೇನೆಂದುಕೊಂಡೇ ಮಕ್ಕಳ ಮುಂದೆ ನಿಂತಿದ್ದೆ.

ಮುಂದಿನ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಕೆಲಸಕ್ಕೆ ಕೈಹಾಕಿದೆ. ಮೊದಲು ಓದು, ಆಮೇಲೆ ಸಿನಿಮಾ, ಮತ್ತೆ ಓದು. ಒಂದು ನೋಟುಪುಸ್ತಕದಲ್ಲಿ ಯೇಸುವಿನ ಬಂಧನದಿಂದ ಸಮಾಧಿಯವರೆಗಿನ ಭಾಗವನ್ನು ಸುವಾರ್ತೆ ಬರೆದ ನಾಲ್ವರೂ ಹೇಗೆ ಹೇಳಿದ್ದಾರೆಂದು ಅಕ್ಕಪಕ್ಕ ಬರೆದುಕೊಂಡೆ. ಸಿನಿಮಾ ನೋಡುವಾಗ ರಿಮೋಟ್ ಒಂದು ಕೈಯಲ್ಲಿ, ಪೆನ್ಸಿಲ್ ಇನ್ನೊಂದು ಕೈಯಲ್ಲಿ. ದೃಶ್ಯವನ್ನು ನಿಲ್ಲಿಸಿ, ಇದು ಯಾವ ವಚನ ಎಂದು ಹುಡುಕುವುದು. ಸಿಗದಿದ್ದರೆ ಒಂದು ಸುತ್ತು ಹಾಕುವುದು. ಮನೆಯವರು ಎರಡನೆಯ ದಿನವೇ ಎದ್ದು ಹೋದರು, ಅವರನ್ನು ದೂರುವುದಿಲ್ಲ.

ಸುತ್ತುಗಳು ಬಹಳ ಬಿದ್ದವು. ಆದರೆ ನನ್ನನ್ನು ಕಾಡಿದ್ದು ಸೇರಿಸಿದ ದೃಶ್ಯಗಳಲ್ಲ, ಎಲ್ಲಿ ಎಷ್ಟು ಹೊತ್ತು ನಿಂತಿದ್ದಾರೆ ಎಂಬುದು. ಕೊರಡೆಯ ಏಟಿನ ದೃಶ್ಯ ತೆರೆಯ ಮೇಲೆ ನಿಮಿಷಗಟ್ಟಲೆ ನಡೆಯುತ್ತದೆ, ಚರ್ಮ ಸುಲಿಯುವವರೆಗೆ. ಮಾರ್ಕನ 15ನೇ ಅಧ್ಯಾಯದಲ್ಲಿ ಅದಕ್ಕೆ ಅರ್ಧ ವಾಕ್ಯವೂ ಇಲ್ಲ: ಕೊರಡೆಗಳಿಂದ ಹೊಡಿಸಿ ಒಪ್ಪಿಸಿದನು, ಮುಗಿಯಿತು. ಅದೇ ಮಾರ್ಕ ಸಿಪಾಯಿಗಳ ಗೇಲಿಗೆ ಐದು ವಚನ ಕೊಡುತ್ತಾನೆ. ಕೆನ್ನೀಲಿ ಬಣ್ಣದ ಬಟ್ಟೆ, ಮುಳ್ಳಿನ ಕಿರೀಟ, ಮೊಣಕಾಲೂರಿದ ಸುಳ್ಳು ನಮಸ್ಕಾರ, ಮೈಮೇಲೆ ಉಗುಳು. ದಾರಿಹೋಕರ ಹಂಗಿಸುವಿಕೆಯನ್ನೂ ಬಿಡುವುದಿಲ್ಲ. ಸುವಾರ್ತೆ ಅವಮಾನದ ಹತ್ತಿರ ನಿಲ್ಲುತ್ತದೆ, ಕ್ಯಾಮೆರಾ ಗಾಯದ ಹತ್ತಿರ. ರಕ್ತ ನೋಡಿ ನಾನು ಅತ್ತಿದ್ದೇನೆ, ಈಗಲೂ ಅಳುತ್ತೇನೆ. ಆದರೆ ನಗುತ್ತಿದ್ದ ಗುಂಪಿನಲ್ಲಿ ನಾನೂ ಇದ್ದಿರಬಹುದೇ ಎಂಬ ಯೋಚನೆ ಬಂದದ್ದು ಓದುವಾಗ ಮಾತ್ರ.

ಹಳೆಯ ಒಡಂಬಡಿಕೆಗೆ ಹೋದಾಗ ಇನ್ನೂ ಕಷ್ಟವಾಯಿತು. ಆದಿಕಾಂಡ 22ರಲ್ಲಿ ಅಬ್ರಹಾಮ ಮಗನನ್ನು ಬಲಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂಬ ಬಗ್ಗೆ ಏನೂ ಇಲ್ಲ. ಇಬ್ಬರೂ ಜೊತೆಯಾಗಿ ಹೋದರು ಎಂಬ ಮಾತು ಎರಡು ಸಲ ಬರುತ್ತದೆ, ನಡುವೆ ಮಗನ ಒಂದು ಪ್ರಶ್ನೆ. ನಟನಿಗೆ ಮುಖ ಇರಲೇಬೇಕು, ಮುಖದಲ್ಲಿ ಏನಾದರೂ ಕಾಣಿಸಲೇಬೇಕು. ಕಣ್ಣೀರು ಕಂಡ ಕೂಡಲೇ ಅಬ್ರಹಾಮ ನನಗೆ ಅರ್ಥವಾಗಿಬಿಡುತ್ತಾನೆ, ಓದಿದಾಗ ಆಗುವುದಿಲ್ಲ. ಇನ್ನೊಂದು ಸಂಗತಿ: 19ನೇ ವಚನದಲ್ಲಿ ಅಬ್ರಹಾಮ ಸೇವಕರ ಬಳಿಗೆ ಹಿಂದಿರುಗುತ್ತಾನೆ. ಮಗ ಇಸಾಕನ ಹೆಸರು ಅಲ್ಲಿಲ್ಲ. ಮೂರು ಸಲ ಓದಿ ನೋಡಿದೆ.

ತೆರೆಯಿಂದ ಏನೂ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾರ್ಶ್ವವಾಯು ರೋಗಿಯನ್ನು ಚಾವಣಿ ಕಿತ್ತು ಇಳಿಸಿದ ಕಥೆಯನ್ನು ನೂರು ಸಲ ಓದಿದ್ದರೂ ಕೆಳಗಿದ್ದವರ ತಲೆಯ ಮೇಲೆ ಮಣ್ಣು ಉದುರಿರಬೇಕು ಎಂದು ನನಗೆ ಹೊಳೆದಿರಲಿಲ್ಲ. ಒಂದು ಸಿನಿಮಾದಲ್ಲಿ ಯೇಸು ಮಾತು ನಿಲ್ಲಿಸಿ, ಭುಜದ ಧೂಳು ಕೊಡವಿಕೊಂಡು ಮೇಲೆ ನೋಡುತ್ತಾನೆ. ಪೆನ್ಸಿಲ್ ಸುತ್ತು ಹಾಕಿದೆ. ಪಕ್ಕದಲ್ಲಿ ಸಣ್ಣಗೆ ವಂದನೆಗಳು ಎಂದೂ ಬರೆದೆ.

ಆದರೆ ಪುಟ ಹಿಂದಕ್ಕೆ ತಿರುಗಿಸುವ ಸುಖ ಬೇರೆ. ಪೇತ್ರ ತಾನು ಯೇಸುವಿನ ಶಿಷ್ಯನಲ್ಲವೆಂದದ್ದು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ, ಯೋಹಾನ 18ರಲ್ಲಿ. 21ರಲ್ಲಿ ಪುನರುತ್ಥಾನವಾದ ಯೇಸು ದಡದಲ್ಲಿ ಮೀನು ಸುಡುತ್ತಿರುವುದೂ ಇದ್ದಲಿನ ಬೆಂಕಿಯ ಮೇಲೆಯೇ. ಗ್ರೀಕ್ ಮೂಲದ ಆ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. ಮೂರು ಸಲ ಇಲ್ಲವೆಂದವನನ್ನು ಅದೇ ವಾಸನೆಯ ಹೊಗೆಯ ಪಕ್ಕದಲ್ಲಿ ಕೂರಿಸಿ, ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳುತ್ತಾನೆ. ಇದು ಹೊಳೆದ ರಾತ್ರಿ ಸಿನಿಮಾ ಹಾಕಲೇ ಇಲ್ಲ.

ಈಗ ತರಗತಿಯಲ್ಲಿ ಮೊದಲು ವಚನ ಓದಿಸುತ್ತೇನೆ, ವಿಡಿಯೊ ಆಮೇಲೆ. ಇಲ್ಲದ್ದನ್ನು ಹಿಡಿದವರು ಕೈ ಎತ್ತಬೇಕು. ಆ ಹುಡುಗಿಯ ಕೈ ಇಳಿಯುವುದೇ ಕಡಿಮೆ. ನನ್ನ ಒಂದು ತೊಂದರೆ ಮಾತ್ರ ಹಾಗೆಯೇ ಉಳಿದಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಇಂದಿಗೂ ಮೊದಲು ಬರುವುದು ಯೇಸುವಿನ ಪಾತ್ರ ಮಾಡಿದ ಆ ನಟನ ಮುಖವೇ. ಅದು ಸರಿದುಹೋಗುವವರೆಗೆ ಸುಮ್ಮನೆ ಕಾಯುತ್ತೇನೆ. ಕೆಲವು ದಿನ ಸರಿಯುತ್ತದೆ.