ಎದೆಯುರಿಯ ಮಾತ್ರೆ: ಯಾವುದು, ಯಾವಾಗ, ಎಷ್ಟು ದಿನ

ಊಟವಾದ ಮೇಲೆ, ಬಗ್ಗಿದಾಗ ಅಥವಾ ಮಲಗಿದಾಗ ಹುಳಿತೇಗಿನೊಡನೆ ಗಂಟಲಿನತ್ತ ಏರಿಬರುವ ಉರಿ ಸಾಮಾನ್ಯವಾಗಿ ಜಠರದ ಆಮ್ಲದ್ದು. ಆದರೆ ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಅಥವಾ ಏದುಸಿರು ಕಾಣಿಸಿಕೊಂಡರೆ ಮಾತ್ರೆ ಹುಡುಕುತ್ತಾ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ನುಂಗಲು ಕಷ್ಟವಾಗುವುದು, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಸ್ವಂತ ಚಿಕಿತ್ಸೆಗೆ ತಕ್ಕವಲ್ಲ.

ಇವು ಯಾವುವೂ ಇಲ್ಲವೆಂದಾದರೆ, ಪೊಟ್ಟಣದ ಮುಂಭಾಗದ ಹೆಸರನ್ನು ಬಿಟ್ಟು ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರುವ ಔಷಧಾಂಶವನ್ನು ಓದಿಕೊಳ್ಳಿ. ಚೀಟಿಯಿಲ್ಲದೆ ಸಿಗುವ ಈ ಔಷಧಗಳಲ್ಲಿ ಮೂರು ಬಗೆಗಳಿದ್ದು, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಯಾವಾಗಲೋ ಒಮ್ಮೆ ಕಾಣಿಸುವ ಉರಿಗೆ ಆಂಟಾಸಿಡ್ ಸಾಕು. ಕ್ಯಾಲ್ಸಿಯಂ ಕಾರ್ಬೊನೇಟ್, ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಈ ಔಷಧಗಳು ಆಗಲೇ ಇರುವ ಆಮ್ಲವನ್ನು ಕೆಲವೇ ನಿಮಿಷಗಳಲ್ಲಿ ತಟಸ್ಥಗೊಳಿಸುತ್ತವೆ. ಪರಿಣಾಮ ಮಾತ್ರ ಹೆಚ್ಚು ಹೊತ್ತು ನಿಲ್ಲದು. ಮೆಗ್ನೀಷಿಯಂನಿಂದ ಭೇದಿಯೂ ಅಲ್ಯೂಮಿನಿಯಂನಿಂದ ಮಲಬದ್ಧತೆಯೂ ಆಗಬಹುದು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳಬಾರದು. ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಮತ್ತು ಕೆಲವು ಆ್ಯಂಟಿಬಯಾಟಿಕ್‌ಗಳು ದೇಹಕ್ಕೆ ಸೇರುವುದನ್ನು ಆಂಟಾಸಿಡ್ ತಡೆಯುವುದರಿಂದ ನಡುವೆ ಕನಿಷ್ಠ 2 ಗಂಟೆ, ಥೈರಾಯ್ಡ್ ಮಾತ್ರೆ (ಥೈರಾಕ್ಸಿನ್) ಆದರೆ 4 ಗಂಟೆ ಅಂತರವಿರಲಿ.

ಇಂಥ ಊಟ ಮಾಡಿದರೆ ಉರಿ ಖಚಿತವೆಂದು ಮೊದಲೇ ಗೊತ್ತಿರುವವರಿಗೆ ಫ್ಯಾಮೋಟಿಡಿನ್ ಹೊಂದುತ್ತದೆ. ಊಟಕ್ಕೆ 15ರಿಂದ 60 ನಿಮಿಷ ಮೊದಲು ತೆಗೆದುಕೊಂಡರೆ ಅದು ಆಮ್ಲದ ಉತ್ಪತ್ತಿಯನ್ನೇ ಹಲವು ಗಂಟೆಗಳ ಕಾಲ ತಗ್ಗಿಸುತ್ತದೆ.

ಹೆಚ್ಚು ದುರ್ಬಳಕೆಯಾಗುವುದು ಮೂರನೆಯ ಬಗೆ, ಅಂದರೆ ಒಮೆಪ್ರಜೋಲ್, ಇಸೊಮೆಪ್ರಜೋಲ್ ಮುಂತಾದವು. ಉರಿ ಶುರುವಾದ ಮೇಲೆ ಇದನ್ನು ನುಂಗಿ, ಅರ್ಧ ಗಂಟೆಯಲ್ಲಿ ಗುಣ ಕಾಣಲಿಲ್ಲವೆಂದು ಇನ್ನೊಂದನ್ನು ನುಂಗುವವರಿದ್ದಾರೆ. ಜಠರದ ಗೋಡೆಯಲ್ಲಿ ಆಮ್ಲ ಸ್ರವಿಸುವ ಪಂಪ್‌ಗಳು ಊಟಕ್ಕೆಂದು ಚುರುಕಾಗುವ ಹೊತ್ತಿಗೆ ಔಷಧ ರಕ್ತದಲ್ಲಿದ್ದರೆ ಮಾತ್ರ ಅವನ್ನು ಚೆನ್ನಾಗಿ ಕಟ್ಟಿಹಾಕಬಲ್ಲದು. ಆದ್ದರಿಂದ ದಿನಕ್ಕೊಮ್ಮೆ, ಬೆಳಗಿನ ಆಹಾರಕ್ಕೆ 30ರಿಂದ 60 ನಿಮಿಷ ಮೊದಲು, ಜಗಿಯದೆ, ಪುಡಿ ಮಾಡದೆ ನುಂಗಬೇಕು. ಪೂರ್ಣ ಪರಿಣಾಮಕ್ಕೆ 1ರಿಂದ 4 ದಿನ ಹಿಡಿಯುತ್ತದೆ. ವಾರಕ್ಕೆ ಎರಡು ಅಥವಾ ಹೆಚ್ಚು ದಿನ ಉರಿ ಕಾಡುವವರಿಗಷ್ಟೇ ಇದು ಸರಿ.

ಚೀಟಿಯಿಲ್ಲದೆ ಇದನ್ನು ಬಳಸುವವರಿಗೆ ಸಾಮಾನ್ಯವಾಗಿ ಹೇಳುವ ಮಿತಿ 14 ದಿನ. ವೈದ್ಯರ ನಿಗಾ ಇಲ್ಲದೆ ವರ್ಷಗಟ್ಟಲೆ ಮುಂದುವರಿಸಿದರೆ ಬಿ12 ಜೀವಸತ್ವ ಮತ್ತು ಮೆಗ್ನೀಷಿಯಂ ಕೊರತೆ ತಲೆದೋರಬಹುದು. ಬಹುಕಾಲ ಬಳಸಿ ಒಮ್ಮೆಲೇ ನಿಲ್ಲಿಸಿದಾಗ ಆಮ್ಲ ಕೆಲಕಾಲ ಮೊದಲಿಗಿಂತ ಜೋರಾಗಿ ಸ್ರವಿಸಬಹುದಾದ್ದರಿಂದ, ಕಾಯಿಲೆ ಮರಳಿತೆಂದು ಗಾಬರಿಯಾಗಿ ಮತ್ತೆ ಮಾತ್ರೆಗೇ ಅಂಟಿಕೊಳ್ಳುವವರು ಕಡಿಮೆಯೇನಲ್ಲ. ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಬಗ್ಗೆ ವೈದ್ಯರನ್ನು ಕೇಳುವುದು ಲೇಸು. ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲ್ ಅಥವಾ ಇಸೊಮೆಪ್ರಜೋಲ್ ಅನ್ನು ತಾವಾಗಿಯೇ ಆರಂಭಿಸಬಾರದು, ಏಕೆಂದರೆ ಇವು ಆ ಔಷಧದ ಬಲವನ್ನು ಕುಂದಿಸುತ್ತವೆ. ಗರ್ಭಿಣಿಯರೂ ಮಕ್ಕಳಿಗೆ ಔಷಧ ಕೊಡುವವರೂ ಯಾವ ಬಗೆಯದ್ದಾದರೂ ಮೊದಲು ವೈದ್ಯರ ಸಲಹೆ ಪಡೆಯಬೇಕು. 14 ದಿನಗಳ ನಂತರವೂ ಉರಿ ಉಳಿದರೆ, ಇಲ್ಲವೇ ನಾಲ್ಕು ತಿಂಗಳೊಳಗೆ ಮರುಕಳಿಸಿದರೆ, ಇನ್ನೊಂದು ಪೊಟ್ಟಣ ಕೊಳ್ಳುವ ಬದಲು ತಪಾಸಣೆ ಮಾಡಿಸಿಕೊಳ್ಳಿ.