ಗಿಗಾಹರ್ಟ್ಸ್ ನೋಡಿ ಕೊಳ್ಳಬೇಡಿ: ಪ್ರೊಸೆಸರ್‌ನ ವೇಗ ಪರೀಕ್ಷೆಯನ್ನು ನೀವೇ ಬರೆಯುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಹಿಡಿದು ಚೌಕಾಸಿ ಮಾಡುತ್ತಾರೆ: ಗಿಗಾಹರ್ಟ್ಸ್ ಎಷ್ಟು, ಕೋರ್ ಎಷ್ಟು. ಆದರೆ ಒಂದು ಪ್ರೋಗ್ರಾಂ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಧರಿಸುವುದು ಮೂರು ಸಂಗತಿಗಳು. ಅದು ಒಟ್ಟು ಎಷ್ಟು ಆದೇಶಗಳನ್ನು ನಡೆಸುತ್ತದೆ, ಒಂದು ಆದೇಶಕ್ಕೆ ಸರಾಸರಿ ಎಷ್ಟು ಕ್ಲಾಕ್ ಮಿಡಿತ ಬೇಕು, ಸೆಕೆಂಡಿಗೆ ಎಷ್ಟು ಮಿಡಿತ. ಗಿಗಾಹರ್ಟ್ಸ್ ತಿಳಿಸುವುದು ಕೊನೆಯದನ್ನು ಮಾತ್ರ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಒಂದು ಮಿಡಿತಕ್ಕೆ ಸರಾಸರಿ ಒಂದೂವರೆ ಆದೇಶ ಮುಗಿಸಿದರೆ ಸೆಕೆಂಡಿಗೆ 450 ಕೋಟಿ ಆದೇಶ. ಪಕ್ಕದ 4 ಗಿಗಾಹರ್ಟ್ಸ್ ಯಂತ್ರ ಅದೇ ಕೆಲಸದಲ್ಲಿ ಮಿಡಿತಕ್ಕೆ ಒಂದೇ ಆದೇಶ ಮುಗಿಸಿದರೆ 400 ಕೋಟಿ. ದೊಡ್ಡ ಅಂಕಿಯ ಯಂತ್ರವೇ ಹಿಂದೆ ಬಿತ್ತು.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು, ಸುಳಿ ಎಲ್ಲವನ್ನೂ ನೋಡುತ್ತಾನೆ. ಆದರೂ ನಡೆಸಿ ನೋಡದೆ ಹಣ ಎಣಿಸುವುದಿಲ್ಲ. ಪ್ರೊಸೆಸರ್ ಅನ್ನು ಹಾಗೆ ನಡೆಸಿ ನೋಡುವ ಪ್ರೋಗ್ರಾಂಗೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಸಿದ್ಧ ಬೆಂಚ್‌ಮಾರ್ಕ್‌ಗಳು ಬೇಕಾದಷ್ಟಿವೆ, ಆದರೆ ಅವು ಇನ್ನೊಬ್ಬರ ಕೆಲಸವನ್ನು ಅಳೆಯುತ್ತವೆ. ನಿಮ್ಮ ಕೆಲಸಕ್ಕೆ ನಿಮ್ಮದೇ ಪರೀಕ್ಷೆ ಬೇಕು. ಸಿ ಅಥವಾ ಪೈಥಾನ್ ಭಾಷೆ ಅಲ್ಪಸ್ವಲ್ಪ ಬಲ್ಲ ಡಿಪ್ಲೊಮಾ ವಿದ್ಯಾರ್ಥಿಯೂ ಅದನ್ನು ಬರೆಯಬಹುದು.

ಉದಾಹರಣೆಗೆ ತಿಪಟೂರಿನ ಒಬ್ಬ ಕೊಬ್ಬರಿ ವರ್ತಕರ ಕಚೇರಿಯನ್ನು ಇಟ್ಟುಕೊಳ್ಳೋಣ. ರೈತರ ಹೆಸರು, ಲಾಟ್, ತೂಕ, ದರ ಎಲ್ಲವೂ ಕನ್ನಡದಲ್ಲೇ ಕಂಪ್ಯೂಟರ್‌ನಲ್ಲಿವೆ. ವರ್ಷದ ಕೊನೆಗೆ ಹಲವು ವರ್ಷಗಳ ಲೆಕ್ಕವನ್ನು ಹೆಸರಿನ ಅಕಾರಾದಿಯಲ್ಲಿ ಜೋಡಿಸಿ, ಒಬ್ಬೊಬ್ಬರ ಬಾಬತ್ತು ಕೂಡಿ ವರದಿ ತೆಗೆಯಬೇಕು. ಹೊಸ ಯಂತ್ರ ಕೊಳ್ಳಬೇಕೆ, ಕೊಂಡರೆ ಯಾವುದು?

ತಡವಾಗುತ್ತಿರುವುದು ಪ್ರೊಸೆಸರ್‌ನಿಂದಲೇ?

ಒಂದು ಸಾಲು ಬರೆಯುವ ಮೊದಲೇ ಇದನ್ನು ತಿಳಿದುಕೊಳ್ಳಿ. ಲಿನಕ್ಸ್‌ನಲ್ಲಿ ಯಾವುದೇ ಪ್ರೋಗ್ರಾಂ ಹೆಸರಿನ ಮೊದಲು ‘ಟೈಮ್’ ಎಂಬ ಆಜ್ಞೆ ಸೇರಿಸಿದರೆ ಮೂರು ಅಂಕಿ ಸಿಗುತ್ತವೆ: ‘ರಿಯಲ್’ ಎಂದರೆ ಗೋಡೆ ಗಡಿಯಾರದ ಸಮಯ, ‘ಯೂಸರ್’ ಎಂದರೆ ನಿಮ್ಮ ಪ್ರೋಗ್ರಾಂಗಾಗಿ ಪ್ರೊಸೆಸರ್ ದುಡಿದ ಸಮಯ, ‘ಸಿಸ್’ ಎಂದರೆ ಆ ಪ್ರೋಗ್ರಾಂನ ಪರವಾಗಿ ಆಪರೇಟಿಂಗ್ ಸಿಸ್ಟಮ್ ದುಡಿದ ಸಮಯ. ವರದಿಗೆ ಗೋಡೆ ಗಡಿಯಾರದಲ್ಲಿ 60 ಸೆಕೆಂಡ್ ಹಿಡಿದು, ಪ್ರೊಸೆಸರ್ ದುಡಿದದ್ದು 5 ಸೆಕೆಂಡ್ ಮಾತ್ರ ಎಂದಾದರೆ ತಡ ಆಗುತ್ತಿರುವುದು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಥವಾ ನೆಟ್‌ವರ್ಕ್‌ನಲ್ಲಿ. ಡಿಸ್ಕ್‌ನಿಂದಲೇ ತಡವಾದರೆ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿಕೊಂಡರೆ ಸಾಕು, ಮುಂದಿನ ಭಾಗ ಓದುವ ಅಗತ್ಯವಿಲ್ಲ. ವಿಂಡೋಸ್ ಬಳಸುವವರು ಟಾಸ್ಕ್ ಮ್ಯಾನೇಜರ್ ತೆರೆದು ನೋಡಬಹುದು. ಆದರೆ ಒಂದು ಎಚ್ಚರ ಇರಲಿ. 8 ಲಾಜಿಕಲ್ ಪ್ರೊಸೆಸರ್‌ಗಳ ಯಂತ್ರದಲ್ಲಿ ಒಂದು ಪೂರ್ತಿ ದುಡಿಯುತ್ತಿದ್ದರೂ ಅಲ್ಲಿ ಕಾಣುವುದು ಶೇ 12ರ ಆಸುಪಾಸು. ಅದನ್ನು ನೋಡಿ ಪ್ರೊಸೆಸರ್ ಬಿಡುವಾಗಿದೆ ಎಂದುಕೊಳ್ಳಬಾರದು.

ಕೆಲಸದ ತಿರುಳನ್ನು ಹೊರತೆಗೆಯಿರಿ

ಇಡೀ ಲೆಕ್ಕದ ತಂತ್ರಾಂಶವನ್ನೇ ಓಡಿಸಿ ಅಳೆಯುವುದು ಎಲ್ಲಕ್ಕಿಂತ ನಂಬಲರ್ಹ. ಅದು ಸಾಧ್ಯವಾಗದಿದ್ದರೆ ಪ್ರೊಸೆಸರ್‌ನ ಹೆಚ್ಚಿನ ಸಮಯ ತಿನ್ನುವ ಭಾಗವನ್ನು, ಇಲ್ಲಿ ಹೆಸರುಗಳ ಜೋಡಣೆ ಮತ್ತು ಮೊತ್ತದ ಲೆಕ್ಕವನ್ನು, ಬೇರೆಯಾಗಿ ಬರೆಯಿರಿ.

ಮೂರನೆಯ ದಾರಿಯೂ ಇದೆ: ಯಾವ ಉಪಯುಕ್ತ ಕೆಲಸವನ್ನೂ ಮಾಡದೆ, ಸಾಮಾನ್ಯ ಪ್ರೋಗ್ರಾಂಗಳಲ್ಲಿ ಆದೇಶಗಳು ಯಾವ ಪ್ರಮಾಣದಲ್ಲಿ ಬರುತ್ತವೋ ಅದೇ ಪ್ರಮಾಣದಲ್ಲಿ ಬೆರೆಸಿದ ಕೃತಕ ಪ್ರೋಗ್ರಾಂ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಿಂದ 1972ರಲ್ಲಿ ಬಂದ ವೆಟ್‌ಸ್ಟೋನ್ ದಶಮಾಂಶ ಲೆಕ್ಕಗಳಿಗೆ, ರೈನ್‌ಹೋಲ್ಡ್ ವೈಕರ್ 1984ರಲ್ಲಿ ಬರೆದ ಡ್ರೈಸ್ಟೋನ್ ಪೂರ್ಣಾಂಕ ಮತ್ತು ಅಕ್ಷರಗಳ ಕೆಲಸಕ್ಕೆ ಹೀಗೆ ಹುಟ್ಟಿದವು. ವ್ಯಾಕ್ಸ್ 11/780 ಎಂಬ ಯಂತ್ರ ಸೆಕೆಂಡಿಗೆ 1,757 ಡ್ರೈಸ್ಟೋನ್ ಮುಗಿಸುತ್ತಿತ್ತು. ಅದನ್ನೇ ಒಂದು ಮಾನವಾಗಿ ಇಟ್ಟುಕೊಂಡು ಮುಂದಿನ ಯಂತ್ರಗಳನ್ನು ಅಳೆದರು. ಆದರೆ ಡ್ರೈಸ್ಟೋನ್ ಎಷ್ಟು ಚಿಕ್ಕದೆಂದರೆ ಇಂದಿನ ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ಅತಿ ವೇಗದ ಕ್ಯಾಶ್ ಮೆಮೊರಿಯಲ್ಲಿ ಪೂರ್ತಿ ಕುಳಿತುಬಿಡುತ್ತದೆ. ಮುಖ್ಯ ಮೆಮೊರಿ, ಎಂದರೆ ರ‍್ಯಾಮ್, ಎಷ್ಟು ನಿಧಾನ ಎಂಬುದು ಅದರ ಅರಿವಿಗೇ ಬರುವುದಿಲ್ಲ. ನಿಮ್ಮ ಕಚೇರಿಗೆ ಕೃತಕ ಪರೀಕ್ಷೆಯ ದಾರಿ ಬೇಡ.

ದತ್ತಾಂಶದಲ್ಲೇ ಪರೀಕ್ಷೆಯ ಜೀವ

ಹೆಚ್ಚಿನವರು ಪ್ರೋಗ್ರಾಂ ಬರೆಯಲು ಶ್ರಮ ಹಾಕಿ, ದತ್ತಾಂಶವನ್ನು ಮಾತ್ರ ರ‍್ಯಾಂಡಮ್ ಇಂಗ್ಲಿಷ್ ಅಕ್ಷರಗಳಿಂದ ತುಂಬಿಸಿಬಿಡುತ್ತಾರೆ. ಇಡೀ ಪರೀಕ್ಷೆ ಹಾಳಾಗುವುದು ಇಲ್ಲೇ. ಕಾರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ರ‍್ಯಾಂಡಮ್ ಆಗಿ ಆಯ್ದ ಎರಡು ಇಂಗ್ಲಿಷ್ ಪದಗಳನ್ನು ಹೋಲಿಸಿದರೆ ಹೆಚ್ಚಾಗಿ ಮೊದಲ ಅಕ್ಷರದಲ್ಲೇ, ಎಂದರೆ ಮೊದಲ ಬೈಟ್‌ನಲ್ಲೇ ತೀರ್ಮಾನ ಆಗುತ್ತದೆ. ಈಗ ತುಮಕೂರು ಸೀಮೆಯ ಎರಡು ಹೆಸರು ತೆಗೆದುಕೊಳ್ಳಿ: ಸಿದ್ದಲಿಂಗಯ್ಯ, ಸಿದ್ದಗಂಗಯ್ಯ. ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸಿದ್ದ’ ಎಂಬಲ್ಲಿ ಸ, ಗುಡಿಸು, ದ, ವಿರಾಮ, ಮತ್ತೆ ದ ಎಂದು ಐದು ಸಂಕೇತಗಳಿವೆ. ಅಲ್ಲಿಗೆ 15 ಬೈಟ್ ಎರಡೂ ಹೆಸರಿನಲ್ಲಿ ಒಂದೇ. ಮುಂದಿನ ‘ಲ’ ಮತ್ತು ‘ಗ’ ಬೇರೆಬೇರೆಯಾದರೂ ಅವುಗಳ ಮೊದಲ ಎರಡು ಬೈಟ್ ಮತ್ತೆ ಒಂದೇ. ವ್ಯತ್ಯಾಸ ಗೊತ್ತಾಗುವುದು 18ನೆಯ ಬೈಟ್‌ನಲ್ಲಿ. ಒಂದೇ ಏಟಿಗೆ 16 ಬೈಟ್ ಹೋಲಿಸುವ ಆದೇಶವುಳ್ಳ ಪ್ರೊಸೆಸರ್‌ಗೂ ಇಲ್ಲಿ ಎರಡನೆಯ ಏಟು ಬೇಕು. ಸಿದ್ದರಾಜು, ಸಿದ್ದಪ್ಪ, ಸಿದ್ದಮ್ಮ ಎಂದು ಈ ಜಿಲ್ಲೆಯಲ್ಲಿ ಮೊದಲ ಅಕ್ಷರಗಳು ಒಂದೇ ಆಗಿರುವ ಹೆಸರುಗಳು ಎಷ್ಟೊಂದಿವೆ ಎಂದು ಯೋಚಿಸಿ. ಇಂಗ್ಲಿಷ್ ಅಕ್ಷರಗಳ ಪರೀಕ್ಷೆಯಲ್ಲಿ ಗೆದ್ದ ಯಂತ್ರವೇ ಈ ಪಟ್ಟಿಯಲ್ಲೂ ಗೆಲ್ಲುತ್ತದೆ ಎಂದು ಹೇಳಲು ಯಾವ ಆಧಾರವೂ ಇಲ್ಲ.

ಹಾಗೆಂದು ರೈತರ ನಿಜವಾದ ಪಟ್ಟಿಯನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ತಿರುಗಬಾರದು. ಅದು ಅವರ ಖಾಸಗಿ ಮಾಹಿತಿ. ಸ್ಥಳೀಯ ಹೆಸರುಗಳ ಮೊದಲರ್ಧ, ಕೊನೆಯರ್ಧ ಬೇರ್ಪಡಿಸಿ, ರ‍್ಯಾಂಡಮ್ ಆಗಿ ಕೂಡಿಸಿ ಹೊಸ ಪಟ್ಟಿ ತಯಾರಿಸಿ. ರ‍್ಯಾಂಡಮ್ ಸಂಖ್ಯೆಗಳಿಗೆ ಆರಂಭದ ಬೀಜಸಂಖ್ಯೆಯನ್ನು ಒಂದೇ ಇಡಿ. ಆಗ ಎಲ್ಲ ಯಂತ್ರಕ್ಕೂ ಒಂದೇ ಪಟ್ಟಿ ಸಿಗುತ್ತದೆ.

ಗಾತ್ರದ ವಿಷಯಕ್ಕೂ ಅಷ್ಟೇ ಗಮನ ಕೊಡಬೇಕು. ಒಂದು ದಾಖಲೆಗೆ 64 ಬೈಟ್ ಎಂದುಕೊಂಡರೆ ಸಾವಿರ ದಾಖಲೆಗೆ 64 ಕಿಲೋಬೈಟ್, ಲಕ್ಷಕ್ಕೆ 6.4 ಮೆಗಾಬೈಟ್, ಹತ್ತು ಲಕ್ಷಕ್ಕೆ 64 ಮೆಗಾಬೈಟ್. ಕೋರ್‌ಗೆ ಅತಿ ಹತ್ತಿರದ ಕ್ಯಾಶ್ ಕೆಲವೇ ಹತ್ತು ಕಿಲೋಬೈಟ್‌ಗಳದ್ದು. ಅದರಿಂದ ಒಂದು ಸಂಖ್ಯೆ ತರಲು ನಾಲ್ಕೈದು ಮಿಡಿತ ಸಾಕು, ಮುಖ್ಯ ಮೆಮೊರಿಯಿಂದ ತರಲು ನೂರಾರು ಮಿಡಿತ ಬೇಕು. ಆದ್ದರಿಂದ ಮೂರೂ ಗಾತ್ರದಲ್ಲಿ ಪರೀಕ್ಷೆ ಓಡಿಸಿ, ಒಂದು ದಾಖಲೆಗೆ ತಗಲಿದ ಸಮಯವನ್ನು ಬರೆದಿಡಿ. ಗಾತ್ರ ದೊಡ್ಡದಾದಂತೆ ಹೋಲಿಕೆಗಳ ಸಂಖ್ಯೆಯೇ ಹೆಚ್ಚುವುದರಿಂದ ಆ ಅಂಕಿ ನಿಧಾನವಾಗಿ ಏರುವುದು ಸಹಜ. ಥಟ್ಟನೆ ಏರಿದರೆ ದತ್ತಾಂಶ ಕ್ಯಾಶ್‌ನ ಆಚೆ ಚೆಲ್ಲಿದೆ ಎಂದು ತಿಳಿಯಬಹುದು. ನಿಮ್ಮ ಕಚೇರಿಯ ಲೆಕ್ಕ ಯಾವ ಗಾತ್ರದ್ದೋ ಆ ಅಂಕಿಗೇ ಬೆಲೆ ಕೊಡಿ.

ಕಂಪೈಲರ್ ಕೆಲಸ ತಪ್ಪಿಸದಂತೆ ಕಾಯಿರಿ

ಹತ್ತು ಕೋಟಿ ಬಾರಿ ಕೂಡುವ ಲೂಪ್ ಬರೆದು, ಮೊತ್ತವನ್ನು ಎಲ್ಲೂ ಬಳಸದೆ ಬಿಟ್ಟರೆ ಸಿ ಕಂಪೈಲರ್ (ನೀವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶ) ಆ ಲೂಪ್ ಅನ್ನೇ ಅಳಿಸಿಹಾಕಬಹುದು. ಫಲಿತಾಂಶ ಯಾರಿಗೂ ಬೇಡವಾದ ಮೇಲೆ ಲೆಕ್ಕ ಏಕೆ ಮಾಡಬೇಕು ಎಂಬುದು ಅದರ ತರ್ಕ, ಮತ್ತು ಆ ತರ್ಕ ಸರಿಯಾಗಿಯೇ ಇದೆ. ಗಡಿಯಾರ ಸೊನ್ನೆ ಸೆಕೆಂಡ್ ತೋರಿಸುತ್ತದೆ. ಪರಿಹಾರ ಸುಲಭ: ಕೊನೆಯಲ್ಲಿ ಎಲ್ಲ ಫಲಿತಾಂಶಗಳಿಂದ ಒಂದು ತಾಳೆಸಂಖ್ಯೆ ಲೆಕ್ಕ ಹಾಕಿ ತೆರೆಯ ಮೇಲೆ ಮುದ್ರಿಸಿ. ಎರಡು ಯಂತ್ರಗಳ ತಾಳೆಸಂಖ್ಯೆ ಹೊಂದದಿದ್ದರೆ ಅವು ಒಂದೇ ಕೆಲಸ ಮಾಡಿಲ್ಲ ಎಂಬುದೂ ಗೊತ್ತಾಗುತ್ತದೆ. ಹಾಗೆಯೇ ದರ, ತೂಕಗಳನ್ನು ಪ್ರೋಗ್ರಾಂನೊಳಗೇ ಬರೆದಿಡಬೇಡಿ. ಕಂಪೈಲ್ ಮಾಡುವಾಗಲೇ ಗೊತ್ತಿರುವ ಸಂಖ್ಯೆಗಳ ಲೆಕ್ಕವನ್ನು ಕಂಪೈಲರ್ ಆಗಲೇ ಮುಗಿಸಿಬಿಡಬಹುದು. ಕಡತದಿಂದ ಓದಿಸಿ.

ಜೋಡಣೆಯ ಪರೀಕ್ಷೆಯಲ್ಲಿ ಇನ್ನೊಂದು ಹಳ್ಳವಿದೆ. ಒಂದೇ ಪಟ್ಟಿಯನ್ನು ಇಪ್ಪತ್ತು ಸುತ್ತು ಜೋಡಿಸಿದರೆ ಎರಡನೆಯ ಸುತ್ತಿನಿಂದ ಮುಂದೆ ಪಟ್ಟಿ ಆಗಲೇ ಜೋಡಣೆಯಾಗಿರುತ್ತದೆ. ಪೈಥಾನ್‌ನ ಜೋಡಣೆಯ ವಿಧಾನವಂತೂ ಅಂಥ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ನೋಡಿ ಕೈಬಿಡುತ್ತದೆ. ಪ್ರತಿ ಸುತ್ತಿಗೂ ಕಲಸಿದ ಪಟ್ಟಿಯ ಹೊಸ ನಕಲು ಕೊಡಿ, ನಕಲು ಮಾಡುವ ಸಮಯವನ್ನು ಲೆಕ್ಕದಿಂದ ಹೊರಗಿಡಿ.

ದೊಡ್ಡ ಸಂಸ್ಥೆಗಳ ಪರೀಕ್ಷೆಗಳೂ ಈ ಬಗೆಯ ಜಾಣತನಕ್ಕೆ ಸೋತಿವೆ. ತಯಾರಕರು ಕೂಡಿ 1988ರಲ್ಲಿ ಕಟ್ಟಿದ ಸ್ಪೆಕ್ ಸಂಸ್ಥೆಯ ಮೊದಲ ಗುಚ್ಛದಲ್ಲಿ ಮ್ಯಾಟ್ರಿಕ್ಸ್300 ಎಂಬ ಗುಣಾಕಾರದ ಪ್ರೋಗ್ರಾಂ ಇತ್ತು. ಕಂಪೈಲರ್ ಬರೆಯುವವರು ಅದರ ಲೂಪ್‌ಗಳನ್ನು ಕ್ಯಾಶ್‌ಗೆ ಒಗ್ಗುವಂತೆ ತಿರುಗಿಸಿ ಹೆಣೆಯುವ ವಿಧಾನ ಕಂಡುಕೊಂಡರು. ಆ ಒಂದು ಪ್ರೋಗ್ರಾಂನ ಅಂಕ ಹಲವು ಪಟ್ಟು ಏರಿತು, ಪ್ರೊಸೆಸರ್ ಮಾತ್ರ ಇದ್ದದ್ದು ಇದ್ದಂತೆಯೇ ಇತ್ತು. 1992ರ ಗುಚ್ಛದಲ್ಲಿ ಅದನ್ನು ಕೈಬಿಡಲಾಯಿತು. ನಿಮ್ಮ ಎರಡು ಯಂತ್ರಗಳ ಹೋಲಿಕೆಯಲ್ಲಿ ಕಂಪೈಲರ್, ಅದರ ಆವೃತ್ತಿ, ಅದಕ್ಕೆ ಕೊಟ್ಟ ಸೂಚನೆಗಳು ಒಂದೇ ಇರಬೇಕು ಎನ್ನುವುದು ಇದಕ್ಕೇ.

ಗಡಿಯಾರ, ಶಾಖ, ಕರೆಂಟು

ಸಮಯ ಅಳೆಯಲು ದಿನದ ಗಡಿಯಾರವನ್ನು ಬಳಸಬೇಡಿ, ಅಂತರ್ಜಾಲ ಅದನ್ನು ನಡುವೆ ತಿದ್ದಬಹುದು. ಹಿಂದಕ್ಕೆ ಹೋಗದ ಗಡಿಯಾರ ಬೇಕು: ಪೈಥಾನ್‌ನಲ್ಲಿ ಪರ್ಫ್ ಕೌಂಟರ್, ಸಿ ಭಾಷೆಯಲ್ಲಿ ಕ್ಲಾಕ್ ಗೆಟ್‌ಟೈಮ್‌ನ ಮೊನೊಟೊನಿಕ್ ಬಗೆ. ಒಂದೊಂದು ಸುತ್ತು ಕೆಲವು ಸೆಕೆಂಡ್‌ಗಳಾದರೂ ನಡೆಯುವಷ್ಟು ಕೆಲಸ ಕೊಡಿ. ಮೊದಲ ಸುತ್ತಿನ ಅಂಕಿಯನ್ನು ಬಿಟ್ಟುಬಿಡಿ. ಆಗ ಕ್ಯಾಶ್ ಖಾಲಿ ಇರುತ್ತದೆ, ಮೆಮೊರಿ ಇನ್ನೂ ಹಂಚಿಕೆಯಾಗುತ್ತಿರುತ್ತದೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಅಳೆಯಿರಿ, ಎರಡರಲ್ಲೂ ವಿದ್ಯುತ್ ಉಳಿತಾಯದ ಆಯ್ಕೆ ಒಂದೇ ಇರಲಿ. ಪ್ರೊಸೆಸರ್‌ಗಳು ಮೊದಲ ಕೆಲವು ಸೆಕೆಂಡ್ ಟರ್ಬೊ ವೇಗದಲ್ಲಿ ಓಡಿ, ಬಿಸಿಯಾದಂತೆ ತಾವಾಗಿ ವೇಗ ಇಳಿಸುತ್ತವೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗಿನ ಕಚೇರಿಯಲ್ಲಿ ಈ ಇಳಿತ ಇನ್ನಷ್ಟು ಬೇಗ ಬರುತ್ತದೆ. ಹಾಗಾಗಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಓಡಿಸಿ, ಪ್ರತಿ ಸುತ್ತಿನ ಸಮಯವನ್ನು ಸಾಲಾಗಿ ಬರೆಸಿ. ಮೊದಲ ಸುತ್ತುಗಳಿಗೂ ಕೊನೆಯವುಗಳಿಗೂ ಇರುವ ಅಂತರವನ್ನು ನಾನು ಸರಾಸರಿಗಿಂತ ಹೆಚ್ಚು ನಂಬುತ್ತೇನೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳ ಗುಟ್ಟು ರಟ್ಟಾಗುವುದು ಅಲ್ಲೇ. ಒಂದೇ ಹೆಸರಿನ ಪ್ರೊಸೆಸರ್ ಇದ್ದರೂ ತಯಾರಕರು ಕೊಟ್ಟ ವಿದ್ಯುತ್ ಮಿತಿ, ಫ್ಯಾನ್ ಬೇರೆಯಾದರೆ ವೇಗವೂ ಬೇರೆ. ರ‍್ಯಾಮ್ ಒಂದೇ ಸ್ಟಿಕ್ ಆಗಿದೆಯೇ, ಎರಡು ಸ್ಟಿಕ್‌ಗಳಲ್ಲಿ ಹಂಚಿದೆಯೇ ಎಂದೂ ನೋಡಿ. ಒಂದೇ ಸ್ಟಿಕ್ ಇದ್ದು ಮೆಮೊರಿಯ ಎರಡು ದಾರಿಗಳಲ್ಲಿ (ಚಾನೆಲ್) ಒಂದೇ ಬಳಕೆಯಾದರೆ ಮೆಮೊರಿಯಿಂದ ದತ್ತಾಂಶ ಬರುವ ಗರಿಷ್ಠ ವೇಗ ಅರ್ಧಕ್ಕಿಳಿಯುತ್ತದೆ.

ಅಂಕಿಗಳನ್ನು ಕೂಡುವ ಬಗೆ

ಪ್ರತಿ ಪರೀಕ್ಷೆಯ ಸುತ್ತುಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಅಂಕಿಯನ್ನು ಆರಿಸಿ. ಸ್ಪೆಕ್ ಸಂಸ್ಥೆಯೂ ಮೂರು ಸುತ್ತು ನಡೆಸಿದಾಗ ನಡುವಿನದನ್ನೇ ಹಿಡಿಯುತ್ತದೆ. ಕಷ್ಟ ಶುರುವಾಗುವುದು ಹಲವು ಪರೀಕ್ಷೆಗಳನ್ನು ಒಂದು ಅಂಕಿಯಾಗಿಸುವಾಗ.

ಜೋಡಣೆಗೆ ಮೊದಲ ಯಂತ್ರ 10 ಸೆಕೆಂಡ್, ಎರಡನೆಯದು 20 ಸೆಕೆಂಡ್ ತೆಗೆದುಕೊಂಡಿತು ಎನ್ನಿ. ಬಡ್ಡಿ ಲೆಕ್ಕಕ್ಕೆ ಮೊದಲನೆಯದು 40, ಎರಡನೆಯದು 20. ಮೊದಲ ಯಂತ್ರವನ್ನು ಆಧಾರವಾಗಿ ಇಟ್ಟುಕೊಂಡರೆ ಎರಡನೆಯದರ ವೇಗ ಜೋಡಣೆಯಲ್ಲಿ ಅರ್ಧ ಪಟ್ಟು, ಬಡ್ಡಿಯಲ್ಲಿ ಎರಡು ಪಟ್ಟು. ಸರಾಸರಿ 1.25, ಎಂದರೆ ಎರಡನೆಯದು ಕಾಲುಭಾಗ ಮುಂದೆ. ಈಗ ಎರಡನೆಯದನ್ನು ಆಧಾರವಾಗಿಸಿ. ಅದೇ 1.25 ಬರುತ್ತದೆ, ಆದರೆ ಈ ಸಲ ಮುಂದಿರುವುದು ಮೊದಲನೆಯದು! ಅನುಪಾತಗಳ ಸಾಮಾನ್ಯ ಸರಾಸರಿ ತೆಗೆಯಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗುಣಿಸಿ ವರ್ಗಮೂಲ ತೆಗೆಯುವ ಗುಣೋತ್ತರ ಸರಾಸರಿ ಎರಡೂ ಕಡೆಯಿಂದ 1 ಎನ್ನುತ್ತದೆ. ಸ್ಪೆಕ್ ಬಳಸುವುದು ಅದನ್ನೇ.

ಆದರೂ ನಿಮ್ಮ ಕಚೇರಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ: ನಿಜವಾದ ಬಳಕೆಯ ತೂಕ ಕೊಟ್ಟು ಒಟ್ಟು ಸಮಯ ಕೂಡುವುದು. ಜೋಡಣೆ ದಿನಕ್ಕೆ ಹತ್ತು ಸಲ, ಬಡ್ಡಿ ಲೆಕ್ಕ ಒಮ್ಮೆ ಎಂದಾದರೆ ಮೊದಲ ಯಂತ್ರಕ್ಕೆ 140 ಸೆಕೆಂಡ್, ಎರಡನೆಯದಕ್ಕೆ 220 ಸೆಕೆಂಡ್. ತೀರ್ಮಾನ ಅಲ್ಲಿಗೆ ಮುಗಿಯಿತು. ನಿಮ್ಮ ತಂತ್ರಾಂಶ ಹಲವು ಕೋರ್‌ಗಳನ್ನು ಒಟ್ಟಿಗೆ ಬಳಸುವಂಥದ್ದಾದರೆ ಒಂದು ಕೋರ್‌ನ ಅಂಕಿ, ಎಲ್ಲ ಕೋರ್‌ಗಳ ಅಂಕಿ ಎರಡನ್ನೂ ಬೇರೆಬೇರೆ ಬರೆಯಿರಿ. ಅವನ್ನು ಬೆರೆಸಬೇಡಿ.

ಅಂಗಡಿಗೆ ಒಯ್ಯುವಾಗ

ಪ್ರೋಗ್ರಾಂ, ದತ್ತಾಂಶದ ಕಡತ ಎರಡನ್ನೂ ಪೆನ್ ಡ್ರೈವ್‌ನಲ್ಲಿ ಹಾಕಿಕೊಳ್ಳಿ. ಬೇರೆ ಏನನ್ನೂ ಸ್ಥಾಪಿಸದೆ ಓಡುವಂತೆ ಸಿ ಪ್ರೋಗ್ರಾಂ ಅನ್ನು ಮನೆಯಲ್ಲೇ ಕಂಪೈಲ್ ಮಾಡಿಟ್ಟುಕೊಳ್ಳಿ. ಪ್ರದರ್ಶನಕ್ಕೆ ಇಟ್ಟ ಯಂತ್ರದಲ್ಲಿ ಓಡಿಸಲು ಅಂಗಡಿಯವರ ಅನುಮತಿ ಕೇಳಿ. ಆಂಟಿವೈರಸ್ ತಪಾಸಣೆ, ವಿಂಡೋಸ್ ನವೀಕರಣ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಎರಡು ಯಂತ್ರಗಳಿದ್ದರೆ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಅದರಲ್ಲೊಂದು ಸಲ, ಇದರಲ್ಲೊಂದು ಸಲ ಓಡಿಸಿ. ಚೀಟಿಯಲ್ಲಿ ಪ್ರೊಸೆಸರ್‌ನ ಪೂರ್ತಿ ಮಾದರಿ ಸಂಖ್ಯೆ, ರ‍್ಯಾಮ್‌ನ ಗಾತ್ರ ಮತ್ತು ಸ್ಟಿಕ್‌ಗಳ ಸಂಖ್ಯೆ, ಆಪರೇಟಿಂಗ್ ಸಿಸ್ಟಮ್, ವಿದ್ಯುತ್ ಆಯ್ಕೆ, ತಾಳೆಸಂಖ್ಯೆ, ಎಲ್ಲ ಸುತ್ತುಗಳ ಸಮಯ ಬರೆದುಕೊಳ್ಳಿ. ಬಿಲ್ ಮಾಡಿಸುವ ಮುನ್ನ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ನೀವು ಪರೀಕ್ಷಿಸಿದ ಯಂತ್ರದ್ದೇ ಹೌದೋ ಎಂದು ಕೊನೆಯ ಅಕ್ಷರದವರೆಗೂ ಓದಿ ನೋಡಿ.